ಕಂಪನಿ ಕೊಂಡಾಯಿತು, ಇನ್ನು ಸಿಸ್ಟಂಗಳನ್ನು ಒಂದು ಮಾಡುವುದು ಹೇಗೆ?

ಪ್ರಶ್ನೆ: ನಾನು ಒಂದು ಉತ್ಪಾದನಾ ಕಂಪನಿಯ ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಸುಮಾರು 900 ಜನ ಇದ್ದೇವೆ. ಎರಡು ತಿಂಗಳ ಹಿಂದೆ ನಮ್ಮ ಕಂಪನಿ 250 ಜನರ ಇನ್ನೊಂದು ಕಂಪನಿಯನ್ನು ಕೊಂಡುಕೊಂಡಿತು. ಅದು ಒಂದು ದೊಡ್ಡ ಗ್ರೂಪ್‌ನ ಭಾಗವಾಗಿತ್ತು. ಅವರ ಇಮೇಲ್, ಸರ್ವರ್ ಎಲ್ಲ ಇನ್ನೂ ಆ ಹಳೇ ಗ್ರೂಪ್‌ನಲ್ಲೇ ಇವೆ. ಅವರ ಇಆರ್‌ಪಿ (ಲೆಕ್ಕ, ಖರೀದಿ, ಸ್ಟಾಕ್ ಎಲ್ಲ ನಡೆಸುವ ಸಾಫ್ಟ್‌ವೇರ್) ಬೇರೆ, ನಮ್ಮದು ಬೇರೆ. ಮುಂದಿನ ಹಣಕಾಸು ವರ್ಷದ ಮೊದಲ ದಿನಕ್ಕೆ, ಅಂದರೆ ಇನ್ನು ಐದು ತಿಂಗಳಲ್ಲಿ, ಎಲ್ಲ ಒಂದೇ ಸಿಸ್ಟಂನಲ್ಲಿ ಇರಬೇಕು ಅಂತ ಮ್ಯಾನೇಜ್‌ಮೆಂಟ್ ಹೇಳಿದೆ. ಎಲ್ಲಿಂದ ಶುರು ಮಾಡಲಿ? ಅವರದ್ದನ್ನು ತೆಗೆದು ನಮ್ಮದನ್ನೇ ಹಾಕಿಬಿಟ್ಟರೆ ಸಾಕಾಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕೊನೆಗೆ ನಿಮ್ಮ ಇಆರ್‌ಪಿಯೇ ಉಳಿಯಬಹುದು. 900 ಜನ ಬಳಸುವ ಸಿಸ್ಟಂ ಬಿಟ್ಟು 250 ಜನರದ್ದಕ್ಕೆ ಹೋಗುವುದು ಅಪರೂಪ. ಆದರೆ ಆ ಕೆಲಸದಿಂದ ಶುರು ಮಾಡಬೇಡಿ. ಅದಕ್ಕೂ ಮುಂಚೆ ಅವರು ಹಳೇ ಗ್ರೂಪ್‌ನಿಂದ ಸುರಕ್ಷಿತವಾಗಿ ಹೊರಗೆ ಬರಬೇಕು. ಆ 250 ಜನ ದಿನಾ ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಅಂತ ನಿಮಗೆ ಗೊತ್ತಾಗಬೇಕು. ಇವೆರಡನ್ನೂ ಬಿಟ್ಟು ನೇರವಾಗಿ ಇಆರ್‌ಪಿಗೆ ಕೈ ಹಾಕಿದವರು ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಐದು ತಿಂಗಳ ಗಡುವಿನ ವಿಷಯ. ಮ್ಯಾನೇಜ್‌ಮೆಂಟ್ ಹತ್ತಿರ ಹೋಗಿ ನೇರವಾಗಿ ಕೇಳಿ: ಆ ದಿನ ನಿಮ್ಮ ಕೈಯಲ್ಲಿ ಏನು ಇರಬೇಕು? ಹೆಚ್ಚಿನ ಸಲ ಅವರಿಗೆ ಬೇಕಾಗಿರುವುದು ಎರಡೂ ಕಂಪನಿ ಸೇರಿಸಿದ ಲೆಕ್ಕ. ಎಷ್ಟು ಮಾರಾಟ ಆಯಿತು, ಎಷ್ಟು ಬಾಕಿ ಬರಬೇಕು, ಎಷ್ಟು ಸ್ಟಾಕ್ ಇದೆ, ಅಷ್ಟೇ. ಇದಕ್ಕೆ ಇಆರ್‌ಪಿ ಒಂದಾಗಬೇಕಾಗಿಯೇ ಇಲ್ಲ. ಅವರ ಖಾತೆಗಳ ಪಟ್ಟಿಯನ್ನು ನಿಮ್ಮ ಖಾತೆಗಳ ಪಟ್ಟಿಗೆ ಸಾಲು ಸಾಲಾಗಿ ಹೊಂದಿಸಿ. ಪ್ರತಿ ತಿಂಗಳ ಕೊನೆಗೆ ಅವರ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿ) ತೆಗೆದುಕೊಂಡು, ಆ ಹೊಂದಾಣಿಕೆಯ ಪ್ರಕಾರ ನಿಮ್ಮಲ್ಲಿ ಅಪ್‌ಲೋಡ್ ಮಾಡಿ. ಅಕೌಂಟ್ಸ್‌ನ ಇಬ್ಬರು ಕೂತರೆ ಕೆಲವೇ ವಾರಗಳ ಕೆಲಸ. ಇದು ಕೈಗೆ ಸಿಕ್ಕ ಮೇಲೆ ಗಡುವಿನ ಬಿಸಿ ತಾನೇ ಕಡಿಮೆಯಾಗುತ್ತದೆ. ಉಳಿದದ್ದರ ಬಗ್ಗೆ ನೀವು ತಣ್ಣಗೆ ಮಾತಾಡಬಹುದು.

ಇನ್ನೊಂದು ಮಾತು. ಹಣಕಾಸು ವರ್ಷದ ಮೊದಲ ದಿನ ಕಾಗದದ ಮೇಲೆ ಚೆಂದ ಕಾಣುತ್ತದೆ, ಆರಂಭಿಕ ಶಿಲ್ಕು ಅಚ್ಚುಕಟ್ಟಾಗಿ ಸಿಗುತ್ತದೆ. ಆದರೆ ಅದೇ ವಾರ ಅಕೌಂಟ್ಸ್‌ನವರು ಹಳೇ ವರ್ಷ ಮುಚ್ಚುವ ಕೆಲಸದಲ್ಲಿ ತಲೆ ಎತ್ತದಷ್ಟು ಮುಳುಗಿರುತ್ತಾರೆ. ನಿಮ್ಮ ಡೇಟಾ ಸರಿಯಿದೆಯಾ ಅಂತ ನೋಡಬೇಕಾದವರೂ ಅವರೇ. ನಾನಾದರೆ ಎರಡನೇ ಅಥವಾ ಮೂರನೇ ತಿಂಗಳ ಮೊದಲ ದಿನ ಆರಿಸಿಕೊಳ್ಳುತ್ತೇನೆ.

ನಿಮ್ಮದೇ ಪರಿಸ್ಥಿತಿಯಲ್ಲಿದ್ದ ಒಂದು ದೊಡ್ಡ ಉದಾಹರಣೆ ಇದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ಮೊದಲು ಲಾಯ್ಡ್ಸ್ ಗ್ರೂಪ್‌ನ ಭಾಗವಾಗಿತ್ತು. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕು ಅದನ್ನು ಕೊಂಡಿತು. ಸಿಸ್ಟಂಗಳು ಮಾತ್ರ ಲಾಯ್ಡ್ಸ್‌ನಲ್ಲೇ ಉಳಿದವು. ಅದಕ್ಕೆ ಟಿಎಸ್‌ಬಿ ಲಾಯ್ಡ್ಸ್‌ಗೆ ದೊಡ್ಡ ಮೊತ್ತ ಕೊಡುತ್ತಿತ್ತು, ಆದಷ್ಟು ಬೇಗ ಹೊರಗೆ ಬರಬೇಕು ಅನ್ನುವ ಒತ್ತಡ ಇತ್ತು. 2017ರ ನವೆಂಬರ್‌ಗೆ ಅಂದುಕೊಂಡಿದ್ದ ಕೆಲಸ ಮುಂದಕ್ಕೆ ಹೋಗಿ, 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಬಹುಪಾಲು ಗ್ರಾಹಕರನ್ನು ಒಟ್ಟಿಗೇ ಹೊಸ ಸಿಸ್ಟಂಗೆ ಸಾಗಿಸಿದರು. ಬ್ಯಾಂಕಿಗೆ 50 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಡೇಟಾ ಸರಿಯಾಗಿಯೇ ಹೋಯಿತು. ಎಡವಿದ್ದು ಆ ಡೇಟಾ ಇಟ್ಟುಕೊಂಡು ನಡೆಯಬೇಕಾದ ಸಿಸ್ಟಂ. ಸೋಮವಾರ ಜನ ಲಾಗಿನ್ ಆಗಲು ಹೋದರೆ ಆಗಲಿಲ್ಲ. ಶಾಖೆಗಳಲ್ಲಿ, ಫೋನಿನಲ್ಲಿ, ಆ್ಯಪ್‌ನಲ್ಲಿ ಎಲ್ಲ ಕಡೆ ತೊಂದರೆ. ಪೂರ್ತಿ ಸರಿಹೋಗಲು ಅದೇ ವರ್ಷದ ಡಿಸೆಂಬರ್ ಬಂತು. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಆಮೇಲೆ ತನಿಖೆ ಮಾಡಿದವರು ಎತ್ತಿ ತೋರಿಸಿದ ಒಂದು ಅಂಶ ನನಗೆ ಯಾವಾಗಲೂ ನೆನಪಿಗೆ ಬರುತ್ತದೆ. ಎರಡು ಡೇಟಾ ಸೆಂಟರ್‌ಗಳು ಒಟ್ಟಿಗೆ ಕೆಲಸ ಮಾಡಬೇಕಿತ್ತು, ಆದರೆ ಎಷ್ಟು ಹೊರೆ ತಡೆಯುತ್ತದೆ ಅನ್ನುವ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ. ಮೊದಲು ತಾರೀಕು ಹಾಕಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಕೊನೆಗೆ ಕತ್ತರಿ ಬೀಳುವುದು ಪರೀಕ್ಷೆಗೇ. ನಿಮ್ಮಲ್ಲೂ ಅದೇ ಆಗಬಹುದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಮಾರಾಟದ ಸಮಯದಲ್ಲಿ ಹಳೇ ಗ್ರೂಪ್ ಜೊತೆ ಒಂದು ಒಪ್ಪಂದ ಆಗಿರುತ್ತದೆ. ಇಷ್ಟು ತಿಂಗಳು ಇಂಥ ಸೇವೆಗಳನ್ನು ಕೊಡುತ್ತೇವೆ, ಅದಕ್ಕೆ ಇಷ್ಟು ದುಡ್ಡು ಅಂತ. ಇದನ್ನು ಟಿಎಸ್‌ಎ (ಟ್ರಾನ್ಸಿಷನಲ್ ಸರ್ವೀಸಸ್ ಅಗ್ರಿಮೆಂಟ್) ಅನ್ನುತ್ತಾರೆ. ಇದು ಸಾಮಾನ್ಯವಾಗಿ ವಕೀಲರ ಫೈಲಿನಲ್ಲಿ ಮಲಗಿರುತ್ತದೆ. ತರಿಸಿಕೊಂಡು ನೀವೇ ಒಂದೊಂದು ಸಾಲೂ ಓದಿ. ಯಾವ ಸೇವೆ ಯಾವ ತಾರೀಕಿಗೆ ನಿಲ್ಲುತ್ತದೆ? ಅವಧಿ ಮುಂದುವರಿಸಿದರೆ ದರ ಏರುತ್ತದಾ? ಡೇಟಾ ಕೊಡುವಾಗ ಎಷ್ಟು ಸಲ ಕೊಡುತ್ತಾರೆ, ಯಾವ ರೂಪದಲ್ಲಿ? ಇದನ್ನು ನೋಡಿಕೊಳ್ಳಿ. ಒಂದೇ ಸಲ ಅಂತ ಇದ್ದರೆ ಈಗಲೇ ಮಾತಾಡಿ ಬದಲಾಯಿಸಿ, ಯಾಕೆಂದರೆ ರಿಹರ್ಸಲ್‌ಗೆ ನಿಮಗೆ ಕನಿಷ್ಠ ಮೂರು ನಾಲ್ಕು ಸಲ ಡೇಟಾ ಬೇಕು. ದಿನ ಕಳೆದ ಹಾಗೆ ಆ ಕಡೆಯವರ ಆಸಕ್ತಿ ಕಡಿಮೆಯಾಗುತ್ತದೆ. ಅವರಿಗೂ ಬೇರೆ ಕೆಲಸ ಇರುತ್ತದೆ, ಅಲ್ವಾ? ಸಂಬಂಧ ಬಿಸಿಯಾಗಿರುವಾಗಲೇ ಕೇಳಬೇಕಾದ್ದನ್ನು ಕೇಳಿಕೊಳ್ಳಿ.

ಲೈಸೆನ್ಸ್‌ಗಳನ್ನೂ ಇದೇ ವಾರ ನೋಡಿ. ದೊಡ್ಡ ಗ್ರೂಪ್‌ಗಳು ಇಡೀ ಗ್ರೂಪ್ ಹೆಸರಿನಲ್ಲಿ ಲೈಸೆನ್ಸ್ ತಗೊಂಡಿರುತ್ತವೆ. ಒಂದು ಕಂಪನಿ ಹೊರಗೆ ಹೋದರೆ ಆ ಹಕ್ಕು ಅದರ ಜೊತೆ ಬರುತ್ತದೆ ಅಂತ ಏನೂ ಇಲ್ಲ. ಒಪ್ಪಂದದಲ್ಲಿ ಏನಿದೆಯೋ ಅದೇ ನಿಜ.

ಒಪ್ಪಂದದಲ್ಲಿ ಬರೆದದ್ದಕ್ಕಿಂತ ಬರೆಯದೇ ಬಿಟ್ಟದ್ದು ಜಾಸ್ತಿ ಕಾಡುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇಮೇಲ್, ಫೈಲ್ ಸರ್ವರ್, ಇಆರ್‌ಪಿ ಎಲ್ಲ ಲೆಕ್ಕ ಹಾಕಿ ಹೊರಗೆ ಬಂದಿದ್ದೆವು. ಭಾನುವಾರ ರಾತ್ರಿ ಎಲ್ಲರೂ ಖುಷಿಯಲ್ಲಿದ್ದೆವು. ಸೋಮವಾರ ಬೆಳಗ್ಗೆ ಗೋದಾಮಿನಿಂದ ಫೋನ್. ಪೆಟ್ಟಿಗೆಗಳಿಗೆ ಅಂಟಿಸುವ ಲೇಬಲ್ ಪ್ರಿಂಟ್ ಆಗುತ್ತಿಲ್ಲ. ಲೇಬಲ್ ತಯಾರಿಸುವ ಸಣ್ಣ ಪ್ರೋಗ್ರಾಂ ಹಳೇ ಮಾಲೀಕರ ಸರ್ವರ್ ಒಂದರಲ್ಲಿತ್ತು. ಅದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಮಾಲು ಪ್ಯಾಕ್ ಆಗಿ ನಿಂತಿದೆ, ಲಾರಿ ಬಾಗಿಲಲ್ಲಿದೆ, ಹುಡುಗರು ಮಾರ್ಕರ್ ಹಿಡಿದು ಕೈಯಲ್ಲೇ ನಂಬರ್ ಬರೆದು ಕಳಿಸಿದರು. ಗ್ರಾಹಕರ ಕಡೆ ಬಾರ್‌ಕೋಡ್ ಸ್ಕ್ಯಾನ್ ಆಗದೆ ಅರ್ಧ ಮಾಲು ವಾಪಸ್ ಬಂತು. ಎರಡು ದಿನ ಬೇಕಾಯಿತು ಸರಿಮಾಡಲು. ಮುಂಚೆ ಒಂದು ಮಧ್ಯಾಹ್ನ ಗೋದಾಮಿನಲ್ಲಿ ಸುಮ್ನೆ ನಿಂತು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನೂ ನಿಂತಿರಲಿಲ್ಲ. ಅದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಹಾಗಾಗಿ ಸರ್ವರ್ ಪಟ್ಟಿ ನಂಬಿ ಕೂರಬೇಡಿ. ಒಂದು ಆರ್ಡರ್ ಹಿಡಿದು ಅದರ ಹಿಂದೆ ಹೋಗಿ. ಆರ್ಡರ್ ಬಂದ ಕ್ಷಣದಿಂದ ದುಡ್ಡು ಬ್ಯಾಂಕಿಗೆ ಬರುವ ತನಕ ಯಾರು ಯಾವ ಪರದೆ ನೋಡುತ್ತಾರೆ, ಯಾವ ಎಕ್ಸೆಲ್ ತೆಗೆಯುತ್ತಾರೆ, ಎಲ್ಲಿ ಕಾಗದದ ಮೇಲೆ ಬರೆಯುತ್ತಾರೆ, ಎಲ್ಲ ಗುರುತು ಹಾಕಿಕೊಳ್ಳಿ. ಹಾಗೇ ಒಂದು ಖರೀದಿ, ಒಂದು ಸಂಬಳದ ತಿಂಗಳು, ಒಂದು ಮಾಲು ವಾಪಸಾತಿ. ರಾತ್ರಿ ತಾನೇ ಓಡುವ ಜಾಬ್‌ಗಳು, ಬ್ಯಾಂಕಿಗೆ ಹೋಗುವ ಪಾವತಿ ಫೈಲು, ಸರ್ವರ್‌ಗಳ ಡಿಜಿಟಲ್ ಪ್ರಮಾಣಪತ್ರಗಳ ಅವಧಿ, ಡಿಎನ್‌ಎಸ್ (ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕಿಕೊಡುವ ವ್ಯವಸ್ಥೆ), ಫೋನ್ ನಂಬರ್‌ಗಳು. ಬಿಟ್ಟುಹೋಗುವುದು ಇಂಥವೇ.

ಸುರಕ್ಷತೆಯ ವಿಷಯದಲ್ಲಿ ನಾನು ಸ್ವಲ್ಪ ಹಟವಾದಿ. ಎರಡು ನೆಟ್‌ವರ್ಕ್‌ಗಳನ್ನು ನೇರವಾಗಿ ಜೋಡಿಸಿ ಅಂತ ಒತ್ತಡ ಬರುತ್ತದೆ. ಈಗಲೇ ಒಪ್ಪಬೇಡಿ. ಮ್ಯಾರಿಯಟ್ ಹೋಟೆಲ್ ಕಂಪನಿ 2016ರಲ್ಲಿ ಸ್ಟಾರ್‌ವುಡ್ ಅನ್ನು ಕೊಂಡಿತು. ಸ್ಟಾರ್‌ವುಡ್‌ನ ಸಿಸ್ಟಂನೊಳಗೆ 2014ರಲ್ಲೇ ಯಾರೋ ನುಸುಳಿ ಕೂತಿದ್ದರು. ಅದು ಗೊತ್ತಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಅಂದರೆ ಕೊಂಡ ಮೇಲೂ ಎರಡು ವರ್ಷ ಕಳ್ಳ ಮನೆಯೊಳಗೇ ಇದ್ದ. ಬ್ರಿಟನ್ನಿನ ಮಾಹಿತಿ ಆಯುಕ್ತರ ಲೆಕ್ಕದಲ್ಲಿ ಜಗತ್ತಿನಾದ್ಯಂತ ಸುಮಾರು 33.9 ಕೋಟಿ ಅತಿಥಿ ದಾಖಲೆಗಳಿಗೆ ತೊಂದರೆಯಾಯಿತು. 2020ರಲ್ಲಿ ಅವರು 1.84 ಕೋಟಿ ಪೌಂಡ್ ದಂಡ ಹಾಕಿದ್ದು ಮ್ಯಾರಿಯಟ್‌ಗೆ. ನುಸುಳಿದ್ದು ಹಳೇ ಕಂಪನಿಗೆ, ಕಟ್ಟಿದ್ದು ಹೊಸ ಮಾಲೀಕರು.

ಮೊದಲು ಅವರ ಎಲ್ಲ ಕಂಪ್ಯೂಟರ್, ಸರ್ವರ್‌ಗಳಿಗೆ ನಿಮ್ಮ ಕಾವಲು ಸಾಫ್ಟ್‌ವೇರ್ ಹಾಕಿಸಿ, ಕೆಲವು ವಾರ ಏನು ಕಾಣುತ್ತದೆ ನೋಡಿ. ಅಡ್ಮಿನ್ ಹಕ್ಕು ಇರುವ ಪ್ರತಿ ಖಾತೆಗೂ ಒಬ್ಬ ಜೀವಂತ ಮನುಷ್ಯ ಇದ್ದಾನಾ ಅಂತ ಪರೀಕ್ಷಿಸಿ. ಹಳೇ ಗ್ರೂಪ್‌ನವರಿಗೆ, ಬಿಟ್ಟುಹೋದ ನೌಕರರಿಗೆ, ಯಂತ್ರ ರಿಪೇರಿ ಮಾಡುವ ಹೊರಗಿನ ಕಂಪನಿಗಳಿಗೆ ಒಳಗೆ ಬರುವ ದಾರಿ ಇನ್ನೂ ತೆರೆದಿರುತ್ತದೆ. ಅದನ್ನು ಮುಚ್ಚಿ. ಅಲ್ಲಿಯ ತನಕ ಅವರ ಜನಕ್ಕೆ ನಿಮ್ಮ ಸಿಸ್ಟಂ ಬೇಕಾದರೆ ನಿಮ್ಮದೇ ಲ್ಯಾಪ್‌ಟಾಪ್ ಕೊಡಿ, ಅಥವಾ ವರ್ಚುವಲ್ ಡೆಸ್ಕ್‌ಟಾಪ್ (ನಿಮ್ಮ ಸರ್ವರ್‌ನಲ್ಲಿ ಓಡುವ, ದೂರದಿಂದ ಪರದೆ ಮಾತ್ರ ಕಾಣುವ ಕಂಪ್ಯೂಟರ್) ಕೊಡಿ, ಎರಡು ಹಂತದ ಲಾಗಿನ್ ಸೇರಿಸಿ. ಆಮೇಲೆ ಜೋಡಿಸುವಾಗಲೂ ಬೇಕಾದ ಬಾಗಿಲು ಮಾತ್ರ ತೆರೆಯಿರಿ. ಎರಡೂ ಕಡೆ 10ರಿಂದ ಶುರುವಾಗುವ ಒಂದೇ ಐಪಿ ವಿಳಾಸಗಳು (ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕೆ ಕೊಡುವ ನಂಬರ್) ಇರುವ ಸಾಧ್ಯತೆ ಜಾಸ್ತಿ. ಆ ಗೋಜಲು ಬಿಡಿಸಲೂ ಸಮಯ ಇಟ್ಟುಕೊಳ್ಳಿ.

ಇಮೇಲ್ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮೈಕ್ರೋಸಾಫ್ಟ್ 365ರಲ್ಲಿ ಒಂದು ಡೊಮೈನ್ (ಇಮೇಲ್ ವಿಳಾಸದಲ್ಲಿ @ ನಂತರದ ಭಾಗ) ಒಂದು ಸಮಯಕ್ಕೆ ಒಂದೇ ಟೆನೆಂಟ್‌ನಲ್ಲಿ, ಅಂದರೆ ಒಂದು ಸಂಸ್ಥೆಯ ಪ್ರತ್ಯೇಕ ಜಾಗದಲ್ಲಿ, ಇರಬಹುದು. ಒಂದು ಕಡೆ ತೆಗೆದು ಇನ್ನೊಂದು ಕಡೆ ಸೇರಿಸುವ ಹೊತ್ತಿನಲ್ಲಿ ಒಂದು ಅಂತರ ಇದ್ದೇ ಇರುತ್ತದೆ, ಅದನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ನಿಮ್ಮ ವಿಷಯದಲ್ಲಿ ಡೊಮೈನ್ ಹಳೇ ಗ್ರೂಪ್‌ನದ್ದೇ ಆಗಿದ್ದರೆ ಅದು ನಿಮಗೆ ಬರುವುದೇ ಇಲ್ಲ. 250 ಜನರಿಗೂ ಹೊಸ ವಿಳಾಸ. ಹಳೇ ವಿಳಾಸಕ್ಕೆ ಬಂದದ್ದನ್ನು ಎಷ್ಟು ತಿಂಗಳು ಕಳಿಸಿಕೊಡುತ್ತಾರೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಗ್ರಾಹಕರ, ಸಪ್ಲೈಯರ್‌ಗಳ, ಬ್ಯಾಂಕಿನ ಪೋರ್ಟಲ್‌ಗಳಲ್ಲಿ ಲಾಗಿನ್ ಹೆಸರಾಗಿ ಆ ಹಳೇ ಇಮೇಲ್ ಇರುತ್ತದೆ, ಪಾಸ್‌ವರ್ಡ್ ಮರೆತರೆ ಕೊಂಡಿ ಹೋಗುವುದೂ ಅಲ್ಲಿಗೇ. ಆ ವಿಳಾಸ ಬದುಕಿರುವಾಗಲೇ ಒಂದೊಂದನ್ನೂ ಬದಲಾಯಿಸಲು ಹೇಳಿ.

ಇನ್ನು ಇಆರ್‌ಪಿ. ಎರಡೂ ಕಡೆಯ ಒಳ್ಳೆಯದನ್ನು ಆರಿಸಿ ಸೇರಿಸೋಣ ಅನ್ನುವ ಮಾತು ಕೇಳಲು ಹಿತ. ಮಾಡಲು ಹೋದರೆ ಯಾರಿಗೂ ಗೊತ್ತಿಲ್ಲದ ಮೂರನೇ ಸಿಸ್ಟಂ ಒಂದು ಹುಟ್ಟುತ್ತದೆ. ಲೆಕ್ಕಪತ್ರ, ಖರೀದಿ, ಸಂಬಳ, ಇಂಥ ಎಲ್ಲರಿಗೂ ಒಂದೇ ರೀತಿ ಇರುವ ಕೆಲಸಕ್ಕೆ ನಿಮ್ಮದನ್ನೇ ಕೊಡಿ, ಚರ್ಚೆ ಬೇಡ. ಆದರೆ ಆ ಕಂಪನಿಯನ್ನು ಯಾಕೆ ಕೊಂಡಿರಿ? ಅವರ ಯಾವುದೋ ಒಂದು ಕೆಲಸ ಚೆನ್ನಾಗಿದೆ ಅಂತ ತಾನೇ? ಬೇಗ ಡೆಲಿವರಿ ಕೊಡುತ್ತಾರೆ ಅಂತಲೋ, ರಿಪೇರಿ ಸೇವೆ ಚೆನ್ನಾಗಿದೆ ಅಂತಲೋ. ಆ ಕೆಲಸ ನಡೆಸುವ ಸಿಸ್ಟಂ ಅನ್ನು ಮುಟ್ಟುವ ಮುಂಚೆ ಚೆನ್ನಾಗಿ ನೋಡಿ. ಬೇಕಾದರೆ ಅದನ್ನು ಒಂದೆರಡು ವರ್ಷ ಹಾಗೇ ಬಿಟ್ಟು, ನಿಮ್ಮ ಇಆರ್‌ಪಿಗೆ ಇಂಟರ್‌ಫೇಸ್ ಮೂಲಕ ಜೋಡಿಸಿ.

ಡೇಟಾ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನಿಜವಾದ ಕಷ್ಟ ಇಲ್ಲೇ ಇರುವುದು. ನೀವು ಒಂದು ವಸ್ತುವನ್ನು ಬಿಡಿಯಾಗಿ ಎಣಿಸುತ್ತೀರಿ, ಅವರು ಪೆಟ್ಟಿಗೆಯಲ್ಲಿ ಎಣಿಸುತ್ತಾರೆ. ನಿಮ್ಮಲ್ಲಿ 30 ದಿನ ಅಂದರೆ ಬಿಲ್ ತಾರೀಕಿನಿಂದ, ಅವರಲ್ಲಿ ತಿಂಗಳ ಕೊನೆಯಿಂದ. ಒಬ್ಬನೇ ಗ್ರಾಹಕ ಎರಡೂ ಕಡೆ ಇದ್ದಾನೆ, ಎರಡು ಕೋಡ್, ಎರಡು ಸಾಲದ ಮಿತಿ. ಎರಡನ್ನೂ ಸೇರಿಸಿದರೆ ಅವನಿಗೆ ಯಾರೂ ಒಪ್ಪದೇ ಇದ್ದ ದೊಡ್ಡ ಮಿತಿ ಸಿಕ್ಕಿಬಿಡುತ್ತದೆ. ಅವರ ಐಟಂ ಕೋಡ್ ಸೊನ್ನೆಯಿಂದ ಶುರುವಾಗುತ್ತದೆ. ಯಾರೋ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಆ ಸೊನ್ನೆ ಹಾರಿಹೋಗುತ್ತದೆ, ಮಾರನೇ ದಿನ ಸಾವಿರಾರು ಐಟಂ ಸಿಗುವುದಿಲ್ಲ.

ಒಮ್ಮೆ ನಾವು ಗ್ರಾಹಕರ ಪಟ್ಟಿ ಶುದ್ಧ ಮಾಡುತ್ತಿದ್ದೆವು. ವಿಳಾಸದ ಮೂರನೇ ಸಾಲಿನಲ್ಲಿ ವಿಚಿತ್ರ ಬರಹಗಳಿದ್ದವು. ‘ಮಂಗಳವಾರ ಮಾತ್ರ’, ‘ಹಿಂದಿನ ಗೇಟ್’, ‘ಮೊದಲು ಫೋನ್’. ಇದು ವಿಳಾಸವಲ್ಲ, ಕಸ ಅಂತ ಅಳಿಸಿದೆವು. ಡೆಲಿವರಿ ನೋಡಿಕೊಳ್ಳುತ್ತಿದ್ದ ಒಬ್ಬರು ವರ್ಷಗಟ್ಟಲೆ ಕೂಡಿಟ್ಟ ತಿಳಿವಳಿಕೆ ಅದು. ಬೇರೆ ಜಾಗ ಇಲ್ಲದ್ದಕ್ಕೆ ಅಲ್ಲಿ ಬರೆದಿದ್ದರು. ಅದು ಹೋದ ಮೇಲೆ ಲಾರಿಗಳು ಮುಚ್ಚಿದ ಗೇಟಿನ ಮುಂದೆ ನಿಂತವು. ಕೊನೆಗೆ ಹಳೇ ಬ್ಯಾಕಪ್‌ನಿಂದ ಆ ಸಾಲುಗಳನ್ನು ತೆಗೆದು, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಸರಿಯಾದ ಜಾಗಕ್ಕೆ ಹಾಕಿದೆವು. ಅದಕ್ಕೇ ಹೇಳುತ್ತಿದ್ದೇನೆ, ಯಾವ ಕಾಲಂ ಬೇಕು, ಯಾವುದು ಬೇಡ ಅಂತ ಐಟಿಯವರು ತೀರ್ಮಾನ ಮಾಡಬಾರದು. ಗ್ರಾಹಕರ ಡೇಟಾಗೆ ಮಾರಾಟದವರೊಬ್ಬರು, ಐಟಂಗಳಿಗೆ ಸ್ಟೋರ್ಸ್‌ನವರೊಬ್ಬರು, ಹೀಗೆ ಹೆಸರು ಹಿಡಿದು ಜವಾಬ್ದಾರಿ ಕೊಡಿ. ಸಹಿ ಅವರದ್ದೇ ಆಗಿರಲಿ.

ಎಲ್ಲ ಹಳೇ ಡೇಟಾ ಸಾಗಿಸಬೇಕಾ? ಬೇಡ. ಮಾಸ್ಟರ್ ಡೇಟಾ (ಗ್ರಾಹಕರು, ಸಪ್ಲೈಯರ್‌ಗಳು, ಐಟಂಗಳ ಮೂಲ ಪಟ್ಟಿ), ಖಾತೆಗಳ ಶಿಲ್ಕು, ಇನ್ನೂ ಬಾಕಿ ಇರುವ ಬಿಲ್ಲು, ಸ್ಟಾಕ್, ಇಷ್ಟು ಬಂದರೆ ಕೆಲಸ ನಡೆಯುತ್ತದೆ. ಉಳಿದ ವರ್ಷಗಳ ವ್ಯವಹಾರವನ್ನು ಓದಲು ಮಾತ್ರ ಆಗುವ ಹಾಗೆ ಬೇರೆ ಇಡಿ. ಎಷ್ಟು ವರ್ಷ ಇಡಬೇಕು ಅಂತ ಆಡಿಟರ್ ಹತ್ತಿರ ಕೇಳಿ. ಹಳೇ ಸಾಫ್ಟ್‌ವೇರ್‌ನ ಲೈಸೆನ್ಸ್ ಮುಗಿದ ಮೇಲೂ ಅದು ತೆರೆದುಕೊಳ್ಳುತ್ತದಾ ಅಂತ ಈಗಲೇ ಪರೀಕ್ಷೆ ಮಾಡಿ.

ಬದಲಾವಣೆ ಒಂದೇ ರಾತ್ರಿ ಆಗಬೇಕು ಅಂತಲೂ ಇಲ್ಲ. ಅಮೆರಿಕನ್ ಏರ್‌ಲೈನ್ಸ್ ಮತ್ತು ಯುಎಸ್ ಏರ್‌ವೇಸ್ ಒಂದಾದಾಗ ಟಿಕೆಟ್ ಬುಕಿಂಗ್ ಸಿಸ್ಟಂಗಳನ್ನು ಒಂದು ಮಾಡಿದ ರೀತಿ ನನಗೆ ತುಂಬಾ ಇಷ್ಟ. ಬದಲಾವಣೆಯ ದಿನ 2015ರ ಅಕ್ಟೋಬರ್ 17. ಅದಕ್ಕೆ ಸುಮಾರು 90 ದಿನ ಮುಂಚಿನಿಂದಲೇ, ಆ ದಿನದ ನಂತರದ ಪ್ರಯಾಣಕ್ಕೆ ಹೊಸದಾಗಿ ಬುಕ್ ಮಾಡಿದ್ದೆಲ್ಲ ಉಳಿಯಲಿರುವ ಸಿಸ್ಟಂಗೇ ಹೋಗುವ ಹಾಗೆ ಮಾಡಿದರು. ಹಳೇ ಸಿಸ್ಟಂನಲ್ಲಿದ್ದ ಬುಕಿಂಗ್‌ಗಳು ಪ್ರಯಾಣ ಮುಗಿದ ಹಾಗೆ ತಾನೇ ಖಾಲಿಯಾಗುತ್ತಾ ಬಂದವು. ಕೊನೆಯ ರಾತ್ರಿ ಸಾಗಿಸಬೇಕಾದ್ದು ಸ್ವಲ್ಪವೇ ಉಳಿಯಿತು.

ನೀವೂ ಹಾಗೇ ಮಾಡಬಹುದು. ಒಂದು ತಾರೀಕಿನ ನಂತರ ಹೊಸ ಖರೀದಿ ಆರ್ಡರ್‌ಗಳನ್ನೆಲ್ಲ ನಿಮ್ಮ ಇಆರ್‌ಪಿಯಲ್ಲೇ ಹಾಕಲಿ. ಹಳೇ ಆರ್ಡರ್‌ಗಳು ಹಳೇ ಕಡೆಯೇ ಮಾಲು ಬಂದು ಮುಗಿಯಲಿ. ಸ್ಟೋರ್ಸ್‌ನವರಿಗೆ ಒಂದೆರಡು ತಿಂಗಳು ಎರಡು ಪರದೆ ನೋಡುವ ಕಷ್ಟ ಇರುತ್ತದೆ, ಅದನ್ನು ಮುಚ್ಚಿಡದೆ ಮುಂಚೆಯೇ ಹೇಳಿ. ಆದರೆ ಸ್ಟಾಕ್ ಎಣಿಕೆ ಮಾತ್ರ ಎರಡು ಕಡೆ ಇಡಬೇಡಿ, ಅದು ಎಂದೂ ತಾಳೆಯಾಗುವುದಿಲ್ಲ.

ರಿಹರ್ಸಲ್ ಬಗ್ಗೆ ನನ್ನ ಅಳತೆ ಇದು: ಪೂರ್ತಿ ಡೇಟಾ ಜೊತೆ ಕನಿಷ್ಠ ಮೂರು ಸಲ, ಗಡಿಯಾರ ಇಟ್ಟುಕೊಂಡು. ಮೊದಲನೆಯದು ಕೆಡುತ್ತದೆ, ಕೆಡಲಿ. ಎರಡನೆಯದರಲ್ಲಿ ಎಷ್ಟು ಗಂಟೆ ಬೇಕು ಅಂತ ಗೊತ್ತಾಗುತ್ತದೆ. ಮೂರನೆಯದರಲ್ಲಿ ಹಿಂದಕ್ಕೆ ಹೋಗುವುದನ್ನೂ ಮಾಡಿ ನೋಡಿ. ಹಿಂದಕ್ಕೆ ಹೋಗುವ ಯೋಜನೆ ಕಾಗದದ ಮೇಲೆ ಎಲ್ಲರ ಹತ್ತಿರ ಇರುತ್ತದೆ, ಮಾಡಿ ನೋಡಿದವರು ಕಡಿಮೆ. ಲೆಕ್ಕ ತಾಳೆ ನೋಡುವಾಗ ಎಷ್ಟು ಸಾಲು ಹೋಯಿತು, ಎಷ್ಟು ಬಂತು, ಒಟ್ಟು ಮೊತ್ತ ಎಷ್ಟು ಅಂತ ನೋಡಿದರೆ ಸಾಲದು. ಬಿಲ್ ಮಾಡುವವರನ್ನು ಕೂರಿಸಿ ನಿನ್ನೆ ಮಾಡಿದ ಬಿಲ್ಲುಗಳನ್ನೇ ಹೊಸ ಸಿಸ್ಟಂನಲ್ಲಿ ಮತ್ತೆ ಮಾಡಿಸಿ. ತೆರಿಗೆ ಒಂದು ಪೈಸೆ ಬೇರೆ ಬಂದರೂ ಅವರಿಗೆ ತಕ್ಷಣ ಕಾಣುತ್ತದೆ.

ಏನಾದರೆ ಮುಂದಕ್ಕೆ ಹೋಗುತ್ತೇವೆ, ಏನಾದರೆ ನಿಲ್ಲಿಸುತ್ತೇವೆ ಅಂತ ಒಂದು ತಿಂಗಳು ಮುಂಚೆಯೇ ಬರೆದು ಸಹಿ ಹಾಕಿಸಿಕೊಳ್ಳಿ. ಶನಿವಾರ ರಾತ್ರಿ ಎರಡು ಗಂಟೆಗೆ, ನಿದ್ದೆ ಇಲ್ಲದೆ, ಹನ್ನೊಂದು ಜನ ಫೋನಿನಲ್ಲಿರುವಾಗ ಒಳ್ಳೆಯ ತೀರ್ಮಾನ ಬರುವುದು ಕಷ್ಟ.

ಅವರ ಐಟಿಯವರ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. 250 ಜನರ ಕಂಪನಿಯಲ್ಲಿ ಐಟಿಯಲ್ಲಿ ನಾಲ್ಕೈದು ಜನ ಇರಬಹುದು. ಅವರಲ್ಲಿ ಒಬ್ಬಿಬ್ಬರಿಗೆ ಎಲ್ಲ ಗೊತ್ತಿರುತ್ತದೆ, ಎಲ್ಲೂ ಬರೆದಿರುವುದಿಲ್ಲ. ತಮ್ಮ ಕೆಲಸ ಉಳಿಯುತ್ತದಾ ಅನ್ನುವ ಚಿಂತೆಯಲ್ಲಿ ಅವರು ಈಗಲೇ ಬೇರೆ ಕಡೆ ನೋಡುತ್ತಿರುತ್ತಾರೆ. ಗೊತ್ತಿದ್ದರೆ ನಿಜ ಹೇಳಿ. ಗೊತ್ತಿಲ್ಲದಿದ್ದರೆ ಯಾವ ತಾರೀಕಿಗೆ ಹೇಳುತ್ತೀರಿ ಅಂತ ಹೇಳಿ, ಆ ದಿನ ಹೇಳಿ. ಬದಲಾವಣೆ ಮುಗಿದು ಮೂರು ತಿಂಗಳು ಇರುವವರಿಗೆ ವಿಶೇಷ ಹಣ ಕೊಡಲು ಮ್ಯಾನೇಜ್‌ಮೆಂಟ್ ಅನ್ನು ಒಪ್ಪಿಸಿ. ಅಡ್ಮಿನ್ ಹಕ್ಕು ವಾಪಸ್ ಪಡೆಯುವಾಗ ಯಾಕೆ ಅಂತ ಮುಂಚೆ ಕೂತು ಮಾತಾಡಿ, ಬೆಳಗ್ಗೆ ಬಂದು ಲಾಗಿನ್ ಆಗದೆ ಅವರಿಗೆ ಗೊತ್ತಾಗುವ ಹಾಗೆ ಮಾಡಬೇಡಿ. ಹತ್ತು ವರ್ಷ ಅದೇ ಸಿಸ್ಟಂ ಕಾಪಾಡಿಕೊಂಡು ಬಂದವರು ಅವರು.

ಹೊಸ ಸಿಸ್ಟಂ ಶುರುವಾದ ಮೇಲೆ ಮೊದಲ ತಿಂಗಳ ಲೆಕ್ಕ ಮುಚ್ಚುವ ತನಕ ನಿಮ್ಮ ತಂಡವನ್ನು ಬೇರೆ ಕೆಲಸಕ್ಕೆ ಬಿಡಬೇಡಿ. ಮೊದಲ ವಾರ ಪಾಸ್‌ವರ್ಡ್, ಪ್ರಿಂಟರ್ ಗಲಾಟೆ ಇರುತ್ತದೆ. ನಿಜವಾದ ತಪ್ಪುಗಳು ತಿಂಗಳ ಕೊನೆಗೆ ಕಾಣುತ್ತವೆ. ಎರಡನೇ ತಿಂಗಳೂ ಸರಿಯಾಗಿ ಮುಚ್ಚಿದ ಮೇಲೆ ಹಳೇ ಸಿಸ್ಟಂ ನಿಲ್ಲಿಸುವ ತಾರೀಕು ಗೊತ್ತು ಮಾಡಿ, ಮತ್ತು ನಿಲ್ಲಿಸಿ. ಎಷ್ಟೋ ಕಡೆ ‘ಇರಲಿ, ಬೇಕಾಗಬಹುದು’ ಅಂತ ಬಿಟ್ಟ ಸರ್ವರ್‌ಗಳು ಯಾರೂ ನೋಡದೆ, ಯಾರೂ ಅಪ್‌ಡೇಟ್ ಮಾಡದೆ ವರ್ಷಗಟ್ಟಲೆ ಓಡುತ್ತಿರುತ್ತವೆ. ದುಡ್ಡೂ ಹೋಗುತ್ತದೆ, ಕಳ್ಳನಿಗೆ ಬಾಗಿಲೂ ತೆರೆದಿರುತ್ತದೆ.

ನಾಳೆ ಬೆಳಗ್ಗೆ ಮಾಡುವ ಕೆಲಸ: ವಕೀಲರಿಂದ ಟಿಎಸ್‌ಎ ಪ್ರತಿ ತರಿಸಿಕೊಳ್ಳಿ, ಅಡ್ಮಿನ್ ಖಾತೆಗಳ ಪಟ್ಟಿ ಕೇಳಿ. ಮಧ್ಯಾಹ್ನದ ಮೇಲೆ ಅವರ ಡಿಸ್ಪ್ಯಾಚ್ ವಿಭಾಗಕ್ಕೆ ಹೋಗಿ, ಅಲ್ಲಿ ಕೂತವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಎರಡು ಗಂಟೆ ಕೂರಿ.